ಎಂಟರ್ ಒತ್ತುವ ಮೊದಲು

ಜೂನ್ 3, ಸೋಮವಾರ

ಇವತ್ತಿನಿಂದ ನನ್ನ ಮೇಜಿನ ಮೇಲಿನ ಕಂಪ್ಯೂಟರು ಬರೀ ಡಬ್ಬ. ನಿಜವಾದ ಕೆಲಸವೆಲ್ಲ ಬೇರೆ ಕಟ್ಟಡದಲ್ಲಿರುವ ಒಂದು ದೊಡ್ಡ ಯಂತ್ರದ ಹೊಟ್ಟೆಯೊಳಗೆ ನಡೆಯುತ್ತದಂತೆ. ನಮ್ಮ ಆಂಬುಲೆನ್ಸ್ ಕಂಟ್ರೋಲ್ ರೂಮಿನ ಪ್ರತಿಯೊಬ್ಬರಿಗೂ ಆ ಹೊಟ್ಟೆಯಲ್ಲಿ ಒಂದೊಂದು ವರ್ಚುವಲ್ ಮಷೀನ್. ಅಂದರೆ ಇಲ್ಲದ ಕಂಪ್ಯೂಟರು, ಆದರೆ ಇದ್ದ ಹಾಗೆ ಕೆಲಸ ಮಾಡುತ್ತದೆ. ಕಂಪ್ಯೂಟರುಗಳನ್ನು ನೋಡಿಕೊಳ್ಳುವ ತಂತಿರಾಯರು ಇದನ್ನು ವಿವರಿಸಿದಾಗ, "ನಮ್ಮತ್ತೆ ಚಿನ್ನದ ಸರದ ಹಾಗೆ. ಇದೆ ಅಂತಾರೆ, ಯಾರೂ ಮುಟ್ಟಿಲ್ಲ" ಅಂದೆ. ನಕ್ಕರು. ತಂತಿರಾಯರು ಅಂತ ಹೆಸರಿಟ್ಟವಳು ನಾನೇ. ಅವರು ಬರುತ್ತಿದ್ದಾರೆಂದು ನೆಲಕ್ಕೆ ಉಜ್ಜುವ ಕೇಬಲ್ಲಿನ ಸದ್ದೇ ಹೇಳುತ್ತದೆ.

"ನಿನಗೆ ಅಂತಲೇ ಹೊಸ ದನಿ ಹಾಕ್ಸಿದೀನಮ್ಮ. ಆ ತಗಡಿನ ದನಿ ಇನ್ನು ಬೇಡ. ಇದು ಥೇಟ್ ಮನುಷ್ಯರ ಥರಾನೇ ಮಾತಾಡುತ್ತೆ," ಅಂದರು.

ಮಾತಾಡುತ್ತದೆ, ನಿಜ. ಪರದೆಯ ಮೇಲಿರುವುದನ್ನು ನನಗೆ ಓದಿ ಹೇಳುವ ಸ್ಕ್ರೀನ್ ರೀಡರ್ ಈಗ ವಾರ್ತೆ ಓದುವವಳ ಹಾಗೆ ಉಸಿರೆಳೆದುಕೊಂಡು ರಾಗವಾಗಿ ಓದುತ್ತದೆ. ಹಳೆಯದು ಡಬ್ಬ ಬಡಿದಂತೆ ಕೂಗುತ್ತಿತ್ತು, ಆದರೆ ಕೀ ಒತ್ತಿದ ಬೆನ್ನಿಗೇ ಕೂಗುತ್ತಿತ್ತು. ಅದನ್ನು ನಾನು ಓಡಿಸುತ್ತಿದ್ದ ವೇಗದಲ್ಲಿ ಬೇರೆ ಯಾರಿಗೂ ಒಂದು ಅಕ್ಷರ ತಿಳಿಯುತ್ತಿರಲಿಲ್ಲ, ಅದು ನನಗೊಂದು ಹೆಮ್ಮೆ. ಹೊಸ ದನಿಗೆ ಸೊಗಸಿದೆ, ಸಮಯಪ್ರಜ್ಞೆ ಇಲ್ಲ. ಕೀ ಒತ್ತುತ್ತೇನೆ. ಏನೂ ಇಲ್ಲ. ಬಿದ್ದಿಲ್ಲವೇನೋ ಎಂದು ಇನ್ನೊಮ್ಮೆ ಒತ್ತುವಷ್ಟರಲ್ಲಿ ಮೊದಲನೆಯದಕ್ಕೆ ಉತ್ತರ ಬರುತ್ತದೆ. ಎಡಗಿವಿಯಲ್ಲಿ ಯಾರದೋ ಪ್ರಾಣ ಹೋಗುತ್ತಿರುತ್ತದೆ, ಬಲಗಿವಿಯಲ್ಲಿ ಈ ಮಹಾರಾಣಿ ಸೆರಗು ಸರಿಮಾಡಿಕೊಳ್ಳುತ್ತಿರುತ್ತಾಳೆ.

ಶಿಫ್ಟ್ ನೋಡಿಕೊಳ್ಳುವ ಮೇಡಂ ಬಂದು, "ಹೊಸದು ಹೇಗಿದೆ?" ಅಂದರು.

"ಚೆನ್ನಾಗಿದೆ ಮೇಡಂ," ಅಂದೆ.

ಇನ್ನೇನು ಹೇಳಲಿ? ಕಣ್ಣು ಕಾಣದವಳನ್ನು ಈ ಕುರ್ಚಿಯಲ್ಲಿ ಕೂರಿಸಿದ ದಿನ ದೊಡ್ಡ ಸಾಹೇಬರು ಹೇಳಿದ್ದು ಒಂದೇ ಮಾತು, "ನೋಡೋಣ." ಅಂದಿನಿಂದ ನೋಡುತ್ತಲೇ ಇದ್ದಾರೆ. ನನ್ನನ್ನು ಖಾಯಂ ಮಾಡುವುದೋ ಬಿಡುವುದೋ ಈ ತಿಂಗಳ ಕೊನೆಗೆ ತೀರ್ಮಾನ. ಇಂಥ ಹೊತ್ತಿನಲ್ಲಿ ಯಂತ್ರ ನಿಧಾನ ಅಂದರೆ ಏನಂದುಕೊಳ್ಳುತ್ತಾರೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮನೆಗೆ ಬಂದರೆ ಅತ್ತೆ ಮಹಡಿ ಮನೆಯವರ ನಲ್ಲಿಯ ಕಥೆ ತೆಗೆದರು. ಅವರ ಕಥೆ ಯಾವಾಗಲೂ ಆದಿಯಿಂದಲೇ ಶುರು. "ಕೊನೆಗೆ ನಲ್ಲಿ ಸರಿ ಹೋಯ್ತು ತಾನೆ?" ಎಂದು ನಾನೇ ಮುಗಿಸಿ ಎದ್ದೆ. ಈಗ ಬ್ರೈಲ್ ಹಲಗೆ ತೆಗೆದುಕೊಂಡು ಕೂತಿದ್ದೇನೆ. ಈ ಮನೆಯಲ್ಲಿ ಇದನ್ನು ಓದಬಲ್ಲವಳು ನಾನೊಬ್ಬಳೇ, ಅದೇ ನೆಮ್ಮದಿ.

ಜೂನ್ 6, ಗುರುವಾರ

ಉಪಾಯ ಸಿಕ್ಕಿತು. ಆ ದನಿಗೆ ಕಾಯುವುದೇ ಬೇಡ.

ಕರೆ ಬಂದಾಗ ನಾನು ಮಾಡುವುದಿಷ್ಟು: ರಸ್ತೆಯ ಹೆಸರಿನ ಮೊದಲ ಅಕ್ಷರಗಳನ್ನು ಹೊಡೆಯುತ್ತೇನೆ, ಆ ಅಕ್ಷರಗಳಿಂದ ಶುರುವಾಗುವ ರಸ್ತೆಗಳ ಪಟ್ಟಿ ತೆರೆಯುತ್ತದೆ, ಬಾಣದ ಕೀ ಒತ್ತುತ್ತಾ ಕೆಳಗಿಳಿಯುತ್ತೇನೆ, ಬೇಕಾದ ರಸ್ತೆ ಸಿಕ್ಕಾಗ ಎಂಟರ್. ಹತ್ತಿರದ ಗಾಡಿ ಹೊರಡುತ್ತದೆ. ಇಷ್ಟು ವರ್ಷದಲ್ಲಿ ಈ ಪಟ್ಟಿ ನನ್ನ ಬೆರಳಿಗೇ ಬಾಯಿಪಾಠವಾಗಿದೆ. 'ಹಳೆ' ಎಂದು ಹೊಡೆದು ಒಂದು ಸಲ ಇಳಿದರೆ ಹಳೆ ಅಂಚೆ ಬೀದಿ, ಎರಡು ಸಲ ಇಳಿದರೆ ಹಳೆ ಕೋಟೆ ರಸ್ತೆ, ಮೂರು ಸಲ ಇಳಿದರೆ ಹಳೆ ಗಿರಣಿ ರಸ್ತೆ. ಮನೆಯ ಮೆಟ್ಟಿಲನ್ನು ಯಾರಾದರೂ ನೋಡಿಕೊಂಡು ಇಳಿಯುತ್ತಾರೆಯೇ?

ಇವತ್ತು ಇಡೀ ದಿನ ಹಾಗೇ ಮಾಡಿದೆ. ನಾನು ಎಂಟರ್ ಒತ್ತಿ ಮುಂದಿನ ಕೆಲಸಕ್ಕೆ ಹೋದ ಮೇಲೆ ಮಹಾರಾಣಿಯವರು ಹಿಂದಿನಿಂದ ರಸ್ತೆಯ ಹೆಸರು ಹೇಳುತ್ತಿದ್ದರು. ಮೆರವಣಿಗೆ ಮುಗಿದ ಮೇಲೆ ಬಂದ ಬ್ಯಾಂಡಿನವರ ಹಾಗೆ.

ಮೇಡಂ ಬೆನ್ನು ತಟ್ಟಿದರು. "ಹೊಸ ಸಿಸ್ಟಮ್ಮಲ್ಲಿ ಎಲ್ಲರೂ ತಿಣುಕ್ತಿದಾರೆ, ನೀನು ಮಾತ್ರ ಬೆಣ್ಣೇಲಿ ಕೂದಲು ತೆಗೆದ ಹಾಗೆ ಮಾಡ್ತಿದೀಯ." ಖುಷಿಯಾಯಿತು. ಸುಳ್ಳೇಕೆ ಹೇಳಲಿ, ಬಹಳ ಖುಷಿಯಾಯಿತು.

ಜೂನ್ 11, ಮಂಗಳವಾರ

ತಲೆ ಸಿಡಿಯುತ್ತಿದೆ. ಬೆರಳು ಮುಂದೆ, ದನಿ ಹಿಂದೆ, ನಡುವೆ ನಾನು.

ತಂತಿರಾಯರನ್ನು ಗುಟ್ಟಾಗಿ ಕರೆದು, "ಸ್ವಲ್ಪ ಎಳೀತಿದೆ, ನೋಡಿ" ಅಂದೆ. ಅವರು ಕೂತು ಅದನ್ನೂ ಇದನ್ನೂ ಒತ್ತಿದರು. "ಪಟಪಟ ಅಂತ ಬರ್ತಿದೆಯಲ್ಲಮ್ಮ."

"ಎಲ್ಲಿ ಬರ್ತಿದೆ?"

"ಪರದೆ ಮೇಲೆ."

"ನನಗೆ ಪರದೆ ಕಟ್ಕೊಂಡು ಏನಾಗ್ಬೇಕು ರಾಯರೇ? ಕಿವಿಗೆ ಯಾವಾಗ ಬರುತ್ತೆ ಅದನ್ನ ನೋಡಿ."

ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಅವರಿಗೆ ಗೊತ್ತಾಗಲಿಲ್ಲ. ಕಣ್ಣು ಮೊದಲೇ ಓದಿಬಿಟ್ಟಿರುತ್ತದೆ, ಕಿವಿ ತಡವಾದದ್ದು ಅವರ ಲೆಕ್ಕಕ್ಕೇ ಬರುವುದಿಲ್ಲ. "ಒಂದು ದೂರು ಬರ್ಕೊಡು, ಮೇಲಿಂದ ಮಷೀನಿಗೆ ಇನ್ನಷ್ಟು ಶಕ್ತಿ ಕೇಳ್ತೀನಿ" ಅಂದರು. ದೂರು ಎಂದರೆ ಮೇಡಂ ಕೈಗೆ, ಅಲ್ಲಿಂದ ದೊಡ್ಡ ಸಾಹೇಬರ ಕೈಗೆ. ಬೇಡ, ಅಂದೆ. ತಿಂಗಳು ಕಳೆಯಲಿ.

ನನ್ನ ಯಜಮಾನರು ಕೈಗಡಿಯಾರ ರಿಪೇರಿ ಮಾಡುತ್ತಾರೆ. ಊಟಕ್ಕೆ ಕೂತಾಗ ವಿಷಯ ಬಾಯಿಬಿಟ್ಟೆ. ಅವರು ತುತ್ತು ನುಂಗಿ ನಿಧಾನವಾಗಿ ಹೇಳಿದರು. "ಹಿಂದೆ ಬಿದ್ದ ಗಡಿಯಾರಾನ ಕೆಲವರು ರಿಪೇರಿಗೇ ಕೊಡಲ್ಲ. ಇಷ್ಟು ಹಿಂದಿದೆ ಅಂತ ಮನಸ್ಸಲ್ಲೇ ಕೂಡಿಸ್ಕೊಂಡು ಓಡಾಡ್ತಾರೆ. ನಡೆಯುತ್ತೆ, ಇಲ್ಲ ಅಂತಲ್ಲ. ಒಂದಿನ ಬಸ್ಸು ತಪ್ಪುತ್ತೆ."

"ನನಗೆ ಬಸ್ಸು ತಪ್ಪಲ್ಲ," ಅಂದೆ. ಅದೇನು ಸಿಟ್ಟು ಬಂತೋ, ತಟ್ಟೆಯನ್ನು ಸದ್ದು ಮಾಡಿ ಇಟ್ಟೆ. 

ಜೂನ್ 12, ಬುಧವಾರ

ಮೇಡಂ ಕೇಳಿದರು. ಚೆನ್ನಾಗಿದೆ ಅಂದೆ.

ಜೂನ್ 14, ಶುಕ್ರವಾರ

ಬ್ರೈಲ್ ಚುಕ್ಕಿಗಳು ಒಂದರ ಮೇಲೊಂದು ಬೀಳುತ್ತಿವೆ. ಆದರೂ ಬರೆಯುತ್ತೇನೆ.

ಕರೆ ಮಾಡಿದ್ದು ಒಬ್ಬರು ಗಂಡಸು. "ನನ್ನ ಹೆಂಡ್ತಿ ಚೆನ್ನಾಗೇ ಮಾತಾಡ್ತಿದ್ಲು, ಇದ್ದಕ್ಕಿದ್ದ ಹಾಗೆ ತೊದಲ್ತಿದಾಳೆ. ಬಾಯಿ ಒಂದು ಕಡೆ ಎಳ್ಕೊಂಡಿದೆ." ಲಕ್ವ. ಇಂಥದರಲ್ಲಿ ಗಾಡಿ ಎಷ್ಟು ಬೇಗ ಹೋದರೆ ಅಷ್ಟು ಜೀವ ಉಳಿಯುತ್ತದೆ ಎಂದು ತರಬೇತಿಯ ಮೊದಲ ದಿನವೇ ಕಲಿಸಿದ್ದರು. ಹಳೆ ಗಿರಣಿ ರಸ್ತೆ ಅಂದರು. ಹೊಡೆದೆ, ಮೂರು ಸಲ ಇಳಿದೆ, ಎಂಟರ್.

ಗಾಡಿ ಹೊರಟಿತು. ನಾನು ಅವರಿಗೆ ಹೆಂಡತಿಯನ್ನು ಮಗ್ಗುಲಿಗೆ ಮಲಗಿಸಿ, ಬಾಯಿಗೆ ನೀರು ಹಾಕಬೇಡಿ ಎಂದು ಹೇಳುತ್ತಿದ್ದೆ. ಹಿಂದುಗಡೆ ಆಕೆ ಏನೋ ಹೇಳಲು ಒದ್ದಾಡುತ್ತಿದ್ದರು. "ಒಲೆ... ಒಲೆ." ಒಲೆ ಆರಿಸಿ ಎನ್ನುತ್ತಿದ್ದರೇನೋ. ಅದೇ ಹೊತ್ತಿಗೆ ಬಲಗಿವಿಯಲ್ಲಿ ಮಹಾರಾಣಿ ರಸ್ತೆಯ ಹೆಸರು ಹೇಳಿದಳು. ಹೇಳಿದ್ದು ಗೊತ್ತು. ಏನು ಹೇಳಿದಳೆಂದು ಕೇಳಿಸಿಕೊಳ್ಳಲಿಲ್ಲ. ಇಷ್ಟು ದಿನದಿಂದ ಕೇಳಿಸಿಕೊಳ್ಳದೇ ಇರುವುದು ಅಭ್ಯಾಸವಾಗಿಬಿಟ್ಟಿದೆ.

ಆಮೇಲೆ ಗಾಡಿಯಿಂದ ಗುಡುಗಣ್ಣ ಮಾತಾಡಿದ. ಡ್ರೈವರು, ಅವನ ದನಿಗೇ ಆ ಹೆಸರು. "ಅಕ್ಕಾ, ಇಲ್ಲಿ ಮನೆಗಳೇ ಇಲ್ವಲ್ಲ. ಬರೀ ಖಾಲಿ ಸೈಟು."

"ಎಲ್ಲಿದೀಯಾ?"

"ನೀವೇ ಕಳಿಸಿದ್ದಲ್ಲ, ಹಳೆ ಗಾಜಿನ ಕಾರ್ಖಾನೆ ರಸ್ತೆ."

ಅಂಥ ರಸ್ತೆ ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ. ಇವತ್ತು ಬೆಳಿಗ್ಗೆ ನಕ್ಷೆ ವಿಭಾಗದವರು ಸೇರಿಸಿದ್ದಾರೆ. ಅಕ್ಷರದ ಸಾಲಿನಲ್ಲಿ ಅದು ಗಿರಣಿಗಿಂತ ಮುಂಚೆ ಬಂದು ಕೂತಿದೆ. ನನ್ನ ಮೂರನೇ ಮೆಟ್ಟಿಲು ನಾಲ್ಕನೆಯದಾಗಿದೆ.

ಊರಿನ ಆ ತುದಿಯಿಂದ ಈ ತುದಿಗೆ ಗುಡುಗಣ್ಣ ಗಾಡಿ ತಿರುಗಿಸಿಕೊಂಡು ಬರುವವರೆಗೂ ಆ ಗಂಡಸು ಫೋನ್ ಇಡಲಿಲ್ಲ. "ಬಂತಾ? ಎಲ್ಲಿಗೆ ಬಂತು?" ಎಂದು ಕೇಳುತ್ತಲೇ ಇದ್ದರು. ಬರ್ತಿದೆ, ಬರ್ತಿದೆ, ಎನ್ನುತ್ತಲೇ ಇದ್ದೆ.

ಜೂನ್ 15, ಶನಿವಾರ

ಜೀವಕ್ಕೆ ಅಪಾಯವಿಲ್ಲವಂತೆ. ಮಾತು ಹೋಗಿದೆಯಂತೆ.

ಜೂನ್ 17, ಸೋಮವಾರ

ನನ್ನನ್ನು ಕರೆ ತೆಗೆದುಕೊಳ್ಳುವುದರಿಂದ ಇಳಿಸಿದ್ದಾರೆ. ಮೇಡಂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬಾಗಿಲು ಹಾಕಿ, ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

"ನೋಡು, ನಿಂದೇನೂ ತಪ್ಪಿಲ್ಲ. ಪಟ್ಟಿ ಬದಲಾಯಿಸಿದ್ದು ಅವರು, ನಮಗೆ ಹೇಳಲಿಲ್ಲ. ಸಿಸ್ಟಮ್ ದಾಖಲೆ ತೆಗೆಸಿದೆ. ಮಷೀನು ಸರಿಯಾಗೇ ಇತ್ತು, ನೀನೂ ಒಂದು ಕ್ಷಣ ತಡ ಮಾಡಿಲ್ಲ. ಬುಧವಾರ ಬಿಟ್ಟು ಮುಂದಿನ ಬುಧವಾರ ವಿಚಾರಣೆ. ನಕ್ಷೆಯವರಿಗೆ ಒಂದು ಎಚ್ಚರಿಕೆ ಕೊಟ್ಟು ಮುಗಿಸ್ತಾರೆ."

"ನನ್ನ ಕುರ್ಚಿ?"

"ಅಭಿಪ್ರಾಯ ಕೇಳೋ ವಿಭಾಗದಲ್ಲಿ ಒಂದು ಜಾಗ ಖಾಲಿ ಇದೆ. ಗುಣವಾಗಿ ಮನೆಗೆ ಹೋದವರಿಗೆ ಫೋನ್ ಮಾಡಿ ಸೇವೆ ಹೇಗಿತ್ತು ಅಂತ ಕೇಳೋದು. ಅಲ್ಲಿಗೆ ಒಪ್ಕೊಂಡ್ರೆ ಖಾಯಂ ಖಂಡಿತ. ನಾನು ಮಾತಾಡಿದೀನಿ. ಇಲ್ಲೇ ಕೂರ್ತೀನಿ ಅಂತ ಹಟ ಮಾಡಿದ್ರೆ..."

ಮನೆಗೆ ಕಳಿಸುತ್ತಾರೆ, ಅಷ್ಟೇ.

ಖಾಯಂ. ಎಷ್ಟು ವರ್ಷ ಬಾಯಿ ಕಳೆದುಕೊಂಡು ಕಾದಿದ್ದೇನೆ ಈ ಮಾತಿಗೆ. ಈಗ ಬಿಸಿತುಪ್ಪವಾಗಿ ಬಾಯಲ್ಲಿ ಬಿದ್ದಿದೆ, ಉಗುಳಲೂ ಆಗದು, ನುಂಗಲೂ ಆಗದು. ಯೋಚಿಸ್ತೀನಿ ಮೇಡಂ, ಅಂದೆ.

ಜೂನ್ 19, ಬುಧವಾರ

ಕೆಲಸವಿಲ್ಲದೆ ಕೂತರೆ ಆ ಹೆಂಗಸಿನ 'ಒಲೆ, ಒಲೆ' ಎಂಬ ದನಿ ಕಿವಿಯಲ್ಲೇ ಇರುತ್ತದೆ. ಎದ್ದು ತಂತಿರಾಯರ ಕೋಣೆಗೆ ಹೋದೆ. ನಿಜವಾಗಿ ಏನಾಯಿತೆಂದು ಅವರಿಗೆ ಹೇಳಿಬಿಟ್ಟೆ. ದನಿಗೆ ಕಾಯದೆ ಒತ್ತುತ್ತಿದ್ದದ್ದು, ಎಲ್ಲವನ್ನೂ. ಕಡಲೆಕಾಯಿ ಸುಲಿಯುತ್ತಿದ್ದ ಸದ್ದು ನಿಂತಿತು.

"ಆ ದನಿ ಹಾಕಿದ್ದು ನಾನೇ ಅಲ್ವೇನಮ್ಮ," ಅಂದರು ಕೊನೆಗೆ. "ದಿನವೆಲ್ಲಾ ಆ ತಗಡಿನ ದನಿ ಕೇಳ್ತೀಯಲ್ಲ ಪಾಪ ಅಂತ ಅನ್ನಿಸ್ತು. ಯಾರೂ ಹೇಳಿರ್ಲಿಲ್ಲ ನನಗೆ. ನಾನೇ ಹುಡುಕಿ ಹಾಕಿದ್ದು."

ಸಿಟ್ಟು ಬರಬೇಕಿತ್ತು, ಬಂತು ಕೂಡ. ಪಾಪ ಅನ್ನುವವರಿಂದಲೇ ನನಗೆ ಯಾವಾಗಲೂ ಕೇಡು. ಆದರೆ ಬಾಯಿಂದ ಬಂದದ್ದು, "ಆ ಮಹಾರಾಣೀನ ಮೊದಲು ಮನೆಗೆ ಕಳಿಸಿ ರಾಯರೇ."

ಇಬ್ಬರೂ ಕೂತೆವು. ಮನುಷ್ಯರ ಹಾಗೆ ಮಾತಾಡುವ ದನಿಗೆ ಪ್ರತಿ ಮಾತನ್ನೂ ಹೊಸೆಯಲು ಬಹಳ ಶಕ್ತಿ ಬೇಕಂತೆ. ನನ್ನ ವರ್ಚುವಲ್ ಮಷೀನಿಗೆ ಕೊಟ್ಟದ್ದೇ ಒಂದು ಪಾಲು ಪ್ರೊಸೆಸರು, ಅದರಲ್ಲಿ ಮುಕ್ಕಾಲು ಅವಳ ಶೃಂಗಾರಕ್ಕೇ ಹೋಗುತ್ತಿತ್ತು. ತಗಡನ್ನು ವಾಪಸು ಕರೆಸಿದೆವು. ಪರದೆಯ ಮೇಲೆ ಕಿಟಕಿಗಳು ತೇಲಿ ಬರುವುದು, ನೆರಳು ಬೀಳುವುದು ಮುಂತಾದ, ನನಗೆ ಯಾವ ಜನ್ಮಕ್ಕೂ ಬೇಡವಾದ ಅಲಂಕಾರಗಳನ್ನೆಲ್ಲ ರಾಯರು ನಿಲ್ಲಿಸಿದರು. ವೈರಸ್ ಕಾಯುವ ತಂತ್ರಾಂಶ ಸ್ಕ್ರೀನ್ ರೀಡರಿನ ಕಡತಗಳನ್ನು ಪ್ರತಿ ಸಲವೂ ಕಳ್ಳನ ಹಾಗೆ ತಡೆದು ಜೇಬು ಮುಟ್ಟಿ ನೋಡುತ್ತಿತ್ತು. ಅದಕ್ಕೂ ಹೇಳಿದ್ದಾಯಿತು.

ಕಡಿಮೆಯಾಯಿತು. ಹೋಗಲಿಲ್ಲ. ಬೆರಳಿಗೂ ಕಿವಿಗೂ ನಡುವೆ ಇನ್ನೂ ಒಂದು ಹಳ್ಳ ಇದೆ.

ಜೂನ್ 21, ಶುಕ್ರವಾರ

ರಾಯರಿಗೆ ಹಳ್ಳ ಸಿಕ್ಕಿತು. ಸ್ಕ್ರೀನ್ ರೀಡರ್ ಓದುವುದು ಆ ಕಟ್ಟಡದಲ್ಲಿ. ಅಲ್ಲೇ ದನಿ ತಯಾರಾಗಿ, ಗಂಟು ಕಟ್ಟಿಸಿಕೊಂಡು, ನೆಟ್‌ವರ್ಕಿನಲ್ಲಿ ಪ್ರಯಾಣ ಮಾಡಿ, ಇಲ್ಲಿ ಗಂಟು ಬಿಚ್ಚಿಸಿಕೊಂಡು ನನ್ನ ಕಿವಿಗೆ ಬರಬೇಕು.

"ಅಡುಗೆ ಅಲ್ಲಿ ಮಾಡಿ ಇಲ್ಲಿಗೆ ಕಳಿಸ್ತಿದಾರೆ ಕಣಮ್ಮ. ಬರೋಷ್ಟರಲ್ಲಿ ಆರಿರುತ್ತೆ," ಅಂದರು. "ಸಾಮಾನು ಮಾತ್ರ ಕಳಿಸಿದ್ರೆ? ಬರೀ ಅಕ್ಷರಗಳು. ದನಿ ಇಲ್ಲೇ, ನಿನ್ನ ಮೇಜಿನ ಡಬ್ಬದಲ್ಲೇ ಮಾಡ್ಕೊಳ್ಳೋದು."

ಅಂದರೆ ಎರಡು ಸ್ಕ್ರೀನ್ ರೀಡರುಗಳು. ಅಲ್ಲಿಯದು ಓದಿ ಅಕ್ಷರ ಕಳಿಸುತ್ತದೆ, ಇಲ್ಲಿಯದು ಮಾತಾಡುತ್ತದೆ. ಪ್ರಯೋಗಕ್ಕೆಂದು ರಾಯರ ಕೋಣೆಯೊಳಗೇ ಎರಡು ಯಂತ್ರ ಜೋಡಿಸಿದೆವು. ಮೊದಲು ಎತ್ತು ಏರಿಗೆ, ಕೋಣ ನೀರಿಗೆ. ಒಂದೇ ಕೀಗೆ ಎರಡೂ ಓಗೊಟ್ಟು ಎರಡು ತಗಡುಗಳು ಜಗಳವಾಡಿದವು. ನಗು ತಡೆಯಲಾಗಲಿಲ್ಲ, ಈ ವಾರದಲ್ಲಿ ಮೊದಲ ಸಲ. ಒಂದರ ಕೀ ಬದಲಾಯಿಸಿದ ಮೇಲೆ ದಾರಿಗೆ ಬಂದವು.

ಆಮೇಲೆ ಬಾಣದ ಕೀ ಒತ್ತಿದೆ. ಬೆರಳು ಎತ್ತುವ ಮೊದಲೇ ಮಾತು ಬಂತು. ನನಗೆ ಅಳು ಬಂತು. ರಾಯರು ಕಡಲೆಕಾಯಿ ಪೊಟ್ಟಣ ನನ್ನ ಕೈಗೆ ತುರುಕಿದರು.

ಆದರೆ ಇದು ನನ್ನ ಕುರ್ಚಿಗೆ ಬರಬೇಕೆಂದರೆ ಎರಡು ಕಟ್ಟಡಗಳ ನಡುವೆ ಅಕ್ಷರ ಹೋಗಲು ಒಂದು ಹೊಸ ಬಾಗಿಲು ತೆರೆಯಬೇಕು. ಭದ್ರತೆಯ ಪ್ರಶ್ನೆ, ದೊಡ್ಡ ಸಾಹೇಬರ ಸಹಿ ಬೇಕು. ರಾಯರು ಸಂಜೆಯೇ ಕೇಳಿಕೊಂಡು ಬಂದರು. ಸಾಹೇಬರ ಉತ್ತರ, "ದಾಖಲೆ ಪ್ರಕಾರ ತಡ ಅನ್ನೋದೇ ಇಲ್ಲ. ಇಲ್ಲದ ರೋಗಕ್ಕೆ ಔಷಧಿ ಯಾಕ್ರೀ?"

ಸಾಹೇಬರದೂ ತಪ್ಪಲ್ಲ. ರೋಗವಿದೆ ಎಂದು ಹೇಳಬೇಕಾದವಳು ದಿನಾ ಚೆನ್ನಾಗಿದೆ ಅಂದಿದ್ದಾಳೆ.

ಜೂನ್ 24, ಸೋಮವಾರ

ರಜೆ ಹಾಕಿದೆ. ಅತ್ತೆ ಬಟ್ಟೆ ಮಡಿಸುತ್ತಾ ತಮ್ಮ ಅಕ್ಕನ ಬೂಟಿನ ಕಥೆ ಹೇಳಿದರು. ಆ ಅಕ್ಕನಿಗೆ ಶಾಲೆಯಲ್ಲಿ ಆಟ ಕಲಿಸುವ ಕೆಲಸಕ್ಕೆ ಸಂದರ್ಶನ ಬಂತು. ಹೊಸ ಬೂಟು ಬೇಕಾಯಿತು. ಅಂಗಡಿಯವನು ಪರಿಚಯದವನು, ಬಿಗಿಯಾಗ್ತಿದೆ ಅಂದರೆ ಬೇಜಾರಾದಾನು ಎಂದು "ಚೆನ್ನಾಗಿದೆ" ಅಂದು ಹಾಕಿಕೊಂಡು ಬಂದಳು. ಮನೆಯಲ್ಲಿ ಕೇಳಿದರೂ ಚೆನ್ನಾಗಿದೆ, ದಾರಿಯಲ್ಲಿ ಕೇಳಿದರೂ ಚೆನ್ನಾಗಿದೆ. ಅಂಗಡಿಯ ಒಳಗೆ ಎಷ್ಟು ಜೋಡಿಗಳಿದ್ದವು, ಯಾವ ಬಣ್ಣದವು, ಅವತ್ತು ಅಂಗಡಿಯವನ ತಮ್ಮನಿಗೆ ಜ್ವರ ಹೇಗೆ ಬಂದಿತ್ತು, ಅದೆಲ್ಲವೂ ಕಥೆಯಲ್ಲಿತ್ತು. ಸಂದರ್ಶನದ ಕೋಣೆಗೆ ಅಕ್ಕ ಕುಂಟುತ್ತಾ ಹೋದಳು. ಕುಂಟಿ ಆಟವೇನು ಕಲಿಸಿಯಾಳು ಎಂದು ಅವರು ವಾಪಸು ಕಳಿಸಿದರು. "ಬೂಟು ಕಚ್ತಿದೆ ಅಂತ ಒಂದು ಮಾತು ಅಂದಿದ್ರೆ, ಬರಿಗಾಲಲ್ಲಿ ಓಡಮ್ಮಾ ಅಂತಿದ್ರು. ಜಿಂಕೆ ಥರ ಓಡ್ತಿದ್ಲು ಅವಳು," ಅಂದರು ಅತ್ತೆ. ಆ ಬೂಟನ್ನು ಆಮೇಲೆ ಯಾರು ಹಾಕಿಕೊಂಡರು, ಅದರಿಂದ ಎಂಥ ಜಗಳವಾಯಿತು ಎಂಬುದೂ ಇತ್ತು. ಮುಗಿಯುವ ಹೊತ್ತಿಗೆ ಬಟ್ಟೆಯೆಲ್ಲ ಮಡಿಸಿ ಆಗಿತ್ತು.

"ಏನೇ, ಇವತ್ತು ನಡುವೆ ಬಾಯೇ ಹಾಕ್ಲಿಲ್ಲ? ಹುಷಾರಿಲ್ವಾ?" ಅಂದರು.

ತಲೆನೋವು, ಅಂದೆ.

ಯಜಮಾನರಿಗೆ ಎರಡು ದಾರಿಯನ್ನೂ ಹೇಳಿದೆ. ಸುಮ್ಮನಿದ್ದರೆ ಖಾಯಂ, ಆದರೆ ಬೇರೆ ಮೇಜು. ನಿಜ ಹೇಳಿದರೆ ಬಾಗಿಲು ತೆರೆದರೂ ತೆರೆದೀತು, ಇಲ್ಲವೇ ನನ್ನನ್ನೇ ಬಾಗಿಲಾಚೆ ಹಾಕಿಯಾರು. "ನೀವೇನಂತೀರಿ?" ಅಂದೆ.

"ನಾನು ಅಂದ್ರೆ ನೀನು ತಟ್ಟೆ ಕುಕ್ತೀಯ."

"ಕುಕ್ಕಲ್ಲ, ಹೇಳಿ."

"ಖಾಯಂ ಆದ್ರೆ ಮನೆಗೆ ಒಳ್ಳೇದು. ಅದು ಸುಳ್ಳಲ್ಲ. ಆದ್ರೆ ಆ ಮೇಜಲ್ಲಿ ಕೂತು ಸೇವೆ ಹೇಗಿತ್ತು ಅಂತ ನೀನು ಆ ಹೆಂಗಸಿನ ಮನೆಗೂ ಫೋನ್ ಮಾಡ್ಬೇಕಾಗುತ್ತಲ್ಲ, ಆಗೇನು ಮಾಡ್ತೀಯ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಜೂನ್ 26, ಬುಧವಾರ

ವಿಚಾರಣೆಯ ಕೋಣೆಯಲ್ಲಿ ದೊಡ್ಡ ಸಾಹೇಬರು, ಮೇಡಂ, ನಕ್ಷೆಯ ವಿಭಾಗದವರೊಬ್ಬರು, ತಂತಿರಾಯರು. ನನ್ನ ಎದುರಿಗೆ ಯಾರೋ ಇನ್ನೊಬ್ಬರು, ಉಸಿರು ಭಾರ. ಆಕೆಯ ಗಂಡ ಎಂದು ಮೇಡಂ ಕಿವಿಯಲ್ಲಿ ಹೇಳಿದರು.

ಕರೆಯ ಧ್ವನಿಮುದ್ರಣ ಹಾಕಿದರು. ಅವರ ದನಿ, ನನ್ನ ದನಿ. ನಡುವೆ ನನ್ನ ಕೀಗಳ ಸದ್ದು. ಟಕ್ ಟಕ್ ಟಕ್, ಟಕ್. ಬಲಗಿವಿಯ ದನಿ ಮುದ್ರಣದಲ್ಲಿ ಇಲ್ಲ, ಅದು ನನಗೆ ಮಾತ್ರ.

ಸಾಹೇಬರು ಅಲ್ಲಿಗೆ ನಿಲ್ಲಿಸಿದರು. "ಕೇಳಿದ್ರಲ್ಲ? ಅವರು ವಿಳಾಸ ಹೇಳಿದ ತಕ್ಷಣ ಈಕೆ ಗಾಡಿ ಕಳಿಸಿದಾರೆ. ಕಣ್ಣಿರೋರೂ ಇಷ್ಟು ಚುರುಕಾಗಿ ಮಾಡಲ್ಲ. ಮಷೀನ್ ದಾಖಲೇಲೂ ತಡ ಇಲ್ಲ. ಪಟ್ಟಿ ಬದಲಾವಣೆ ತಿಳಿಸದೆ ಇದ್ದದ್ದೇ ಕಾರಣ ಅಂತ ಬರೀತೀನಿ. ಯಾರದಾದ್ರೂ ಆಕ್ಷೇಪ ಇದೆಯಾ?"

ವರ್ಷಗಟ್ಟಲೆ ಕಾದ ಹೊಗಳಿಕೆ, ಅದೂ ಅವರ ಬಾಯಿಂದ. ಕಾಗದದ ಮೇಲೆ ಪೆನ್ನು ಓಡುವ ಸದ್ದು ಶುರುವಾಯಿತು.

"ಸರ್," ಅಂದೆ. "ಕೊನೇ ಟಕ್ ಇನ್ನೊಂದ್ಸಲ ಹಾಕ್ತೀರಾ?"

ಹಾಕಿದರು.

"ಅದು ಎಂಟರ್. ಅದರ ಹಿಂದಿನ ಮೂರು, ಪಟ್ಟೀಲಿ ಇಳಿದದ್ದು. ಪ್ರತಿ ಸಲ ಇಳಿದಾಗಲೂ ನಾನು ಯಾವ ರಸ್ತೆ ಅಂತ ಕೇಳಿಸಿಕೊಳ್ಳಬೇಕು. ಮೂರಕ್ಕೂ ನಡುವೆ ಜಾಗ ಇದೆಯಾ ನೋಡಿ. ಇಲ್ಲ. ನಾನು ಕೇಳಿಸಿಕೊಂಡಿಲ್ಲ ಸರ್. ನೆನಪಿನ ಮೇಲೆ ಒತ್ತಿದೆ. ನೀವು ಚುರುಕು ಅಂದದ್ದು ಅದೇ."

"ಯಾಕಮ್ಮ ಹಾಗೆ?"

"ದನಿ ತಡವಾಗಿ ಬರ್ತಿತ್ತು. ಮೊದಲನೇ ದಿನದಿಂದಲೂ. ಮೇಡಂ ದಿನಾ ಕೇಳಿದ್ರು, ನಾನೇ ಚೆನ್ನಾಗಿದೆ ಅಂದೆ. ಮಷೀನು ನಿಧಾನ ಅಂದ್ರೆ ನೀವು ಕಣ್ಣು ಕಾಣದವಳನ್ನ ಕೂರಿಸಿದ್ದೇ ತಪ್ಪು ಅಂದ್ಕೊಳ್ತೀರ ಅಂತ ಹೆದರಿದೆ. ಖಾಯಂ ಆಗೋವರೆಗೂ ಹೇಗೋ ನಡೆಸ್ಕೊಂಡು ಹೋಗೋಣ ಅಂತ. ದಾಖಲೇಲಿ ತಡ ಸಿಗಲ್ಲ, ಯಾಕಂದ್ರೆ ತಡ ಪರದೆ ಮೇಲಿಲ್ಲ, ನನ್ನ ಕಿವೀಲಿತ್ತು. ಅದನ್ನ ಸರಿ ಮಾಡೋ ದಾರಿ ರಾಯರಿಗೆ ಗೊತ್ತಿದೆ. ನಾನೇ ಈ ಕುರ್ಚೀಲಿ ಕೂರ್ಬೇಕು ಅಂತಿಲ್ಲ. ಯಾರು ಕೂತ್ರೂ ಆ ಬಾಗಿಲು ತೆಗೀರಿ."

ಪೆನ್ನು ನಿಂತಿತ್ತು. ಎದುರಿನ ಭಾರದ ಉಸಿರು ಮಾತಾಡಿತು.

"ಈಗ ಅವಳಿಗೆ ಬರೋದು ಒಂದೇ ಮಾತು. ಒಲೆ. ನೀರು ಬೇಕಾದ್ರೂ ಒಲೆ. ನನ್ನ ಕರೆಯೋಕೂ ಒಲೆ." ದನಿ ನನ್ನ ಕಡೆ ತಿರುಗಿತು. "ನೀವು ಮಾತಾಡ್ಬೇಕಾದಾಗ ಮಾತಾಡ್ಲಿಲ್ಲ. ಈಗ ಅವಳಿಗೆ ಮಾತಾಡೋಕೆ ಆಗ್ತಿಲ್ಲ."

ಬೇಗ ಹೋಗಿದ್ದರೂ ಹೀಗೇ ಆಗುತ್ತಿತ್ತೇನೋ, ಡಾಕ್ಟರು ಹೇಳಲಾರರು ಎಂದು ಮೇಡಂ ಮೆಲ್ಲಗೆ ಶುರುಮಾಡಿದರು. ನಾನು ಅವರ ಕೈ ಹಿಡಿದು ನಿಲ್ಲಿಸಿದೆ. ಆಕೆಯ ಗಂಡ ಕುರ್ಚಿ ಸರಿಸಿ ಎದ್ದು ಹೋದರು. ಹೆಜ್ಜೆಯ ಸದ್ದು ಮೆಟ್ಟಿಲಿಳಿದು ಹೋಗುವವರೆಗೂ ಕೇಳುತ್ತಾ ಕೂತಿದ್ದೆ.

ಜೂನ್ 28, ಶುಕ್ರವಾರ

ಆದೇಶ ಬಂತು. ಖಾಯಂ ಇಲ್ಲ, ಇನ್ನೊಂದು ವರ್ಷ ನೋಡುತ್ತಾರಂತೆ. ನನ್ನ ಕಡತಕ್ಕೆ ಲಿಖಿತ ಎಚ್ಚರಿಕೆ. ಹೊಸ ಬಾಗಿಲಿಗೆ ಸಹಿ ಬಿದ್ದಿದೆ. ಅದು ಸರಿಯಿದೆಯೆಂದು ಪರೀಕ್ಷೆಯಾದ ಮೇಲೆ ನನ್ನ ಕುರ್ಚಿ ನನಗೆ.

ಯಜಮಾನರು ಸಂಜೆ ಅಂಗಡಿ ಬೇಗ ಮುಚ್ಚಿ ಬಂದು ನನ್ನ ಪಕ್ಕದಲ್ಲಿ ಕೂತಿದ್ದರು. ಅತ್ತೆ, "ಹೋಗ್ಲಿ ಬಿಡು, ಇದ್ದ ಕುರ್ಚಿ ಇದೆಯಲ್ಲ" ಅಂದರು.

ಜುಲೈ 9, ಮಂಗಳವಾರ

ಕುರ್ಚಿಗೆ ಮರಳಿ ಇದು ಎರಡನೇ ದಿನ. ಅಕ್ಷರಗಳು ಆ ಕಟ್ಟಡದಿಂದ ಬರುತ್ತವೆ, ತಗಡು ನನ್ನ ಮೇಜಿನಲ್ಲೇ ಮಾತಾಡುತ್ತದೆ, ಬೆರಳಿಗೆ ಅಂಟಿಕೊಂಡ ಹಾಗೆ. ನನ್ನ ಪಕ್ಕ ಕೂರುವ ಹುಡುಗಿ, "ಅಕ್ಕಾ, ನಿಮ್ಮ ಮಷೀನ್ ಮಾತು ಈಗ ನನಗೂ ಅರ್ಥ ಆಗುತ್ತೆ" ಅಂದಳು. ವೇಗ ಎಲ್ಲೋ ಕಡಿಮೆಯಾಗಿರಬೇಕು, ರಾಯರಿಗೆ ಹೇಳಬೇಕು.

ಮಧ್ಯಾಹ್ನ ಊಟವಾದ ಮೇಲೆ ಬಂದ ಕರೆ.

"ಆಂಬುಲೆನ್ಸ್ ಕಂಟ್ರೋಲ್ ರೂಮ್, ಹೇಳಿ."

ಆ ಕಡೆ ಉಸಿರು ಮಾತ್ರ ಕೇಳಿಸಿತು. ಭಾರದ ಉಸಿರು. ನನಗೆ ಆಗಲೇ ಗೊತ್ತಾಯಿತು. ಅವರಿಗೂ ಗೊತ್ತಾಯಿತು.

"ನೀವೇನಾ?" ಅಂದರು.

"ಹೌದು, ನಾನೇ. ಪಕ್ಕದವರಿಗೆ ಕೊಡ್ಲಾ? ಈಗಲೇ ಕೊಡ್ತೀನಿ."

ಬಚ್ಚಲಿನಲ್ಲಿ ನೀರು ಹರಿಯುತ್ತಿರುವ ಸದ್ದು ಕೇಳುತ್ತಿತ್ತು. ನನ್ನ ಕೈ ಕರೆ ವರ್ಗಾಯಿಸುವ ಗುಂಡಿಯ ಮೇಲಿತ್ತು. ಅವರು ಕೊಡಿ ಎಂದರೆ ಕೊಟ್ಟುಬಿಡುವುದು ಎಂದುಕೊಂಡೆ. ಕೊಡಿ ಎನ್ನಲಿ ಎಂದೂ ಅನ್ನಿಸಿತು.

"ಬೇಡ," ಅಂದರು. "ಬರ್ಕೊಳ್ಳಿ. ಬಚ್ಚಲಲ್ಲಿ ಜಾರಿ ಬಿದ್ದಿದಾಳೆ. ಸೊಂಟ ಅಲ್ಲಾಡಿಸೋಕೆ ಆಗ್ತಿಲ್ಲ. ಎಚ್ಚರ ಇದೆ."

ರಸ್ತೆಯ ಹೆಸರನ್ನು ಅವರು ಬಿಡಿಸಿ ಬಿಡಿಸಿ ಹೇಳಿದರು, ಮಗುವಿಗೆ ಹೇಳುವ ಹಾಗೆ. ನಾನು ಹೊಡೆದೆ. ಇಳಿದೆ. ಹಳೆ ಅಂಚೆ ಬೀದಿ. ಇಳಿದೆ. ಹಳೆ ಕೋಟೆ ರಸ್ತೆ. ಇಳಿದೆ. ಹಳೆ ಗಾಜಿನ ಕಾರ್ಖಾನೆ ರಸ್ತೆ. ಇಳಿದೆ. ಹಳೆ ಗಿರಣಿ ರಸ್ತೆ.

"ಹಳೆ ಗಿರಣಿ ರಸ್ತೆ," ಎಂದು ನಾನು ಓದಿ ಹೇಳಿದೆ. ಮನೆಯ ಸಂಖ್ಯೆಯನ್ನೂ ಹೇಳಿದೆ. "ಅದೇ ತಾನೇ?"

ಎಂಟರ್ ಒತ್ತದೆ ಕಾದೆ.

"ಹೂಂ. ಅದೇ," ಅಂದರು.

ಒತ್ತಿದೆ. ಆಕೆಯನ್ನು ಎತ್ತಲು ಹೋಗಬೇಡಿ, ಬೆಚ್ಚಗೆ ಹೊದಿಸಿ, ನಲ್ಲಿ ನಿಲ್ಲಿಸಿ, ಎಂದೆ. ನಿಲ್ಲಿಸಿದರು. ಆಮೇಲೆ ಇಬ್ಬರೂ ಫೋನ್ ಇಡಲಿಲ್ಲ. ಬಂತಾ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಗುಡುಗಣ್ಣನ ದನಿ ಬರುವವರೆಗೂ ಹಾಗೇ ಇದ್ದೆವು.

"ಅಕ್ಕಾ, ಮನೆ ಸಿಕ್ತು. ಬಾಗಿಲಲ್ಲೇ ನಿಂತಿದಾರೆ."